ಜೋಡಿದೀಪದ ತಂತಿ

ನನ್ನ ಭಾವನ ಹೊಟ್ಟೆಕಿಚ್ಚು ನಡುವೆ ಬಂದದ್ದಲ್ಲ, ಅವರ ಜೊತೆಗೇ ಹುಟ್ಟಿದ್ದು. ಮದುವೆಯ ದಿನ ಫೋಟೋದವನು "ಸ್ವಲ್ಪ ನಗಿ ಅಮ್ಮಾ" ಅಂದ, ನನ್ನ ಅಕ್ಕ ನಕ್ಕಳು. "ಬೆಳಗಿನಿಂದ ನಾನು ಮಾತಾಡಿಸ್ತಿದ್ದೀನಿ, ತುಟಿ ಬಿಚ್ಚಲಿಲ್ಲ. ಅವನು ಅಂದ ತಕ್ಷಣ ಹಲ್ಲು ಬಿಟ್ಟೆಯಲ್ಲ" ಎಂದು ಭಾವ ಮುಖ ಊದಿಸಿಕೊಂಡರು. ಆ ಫೋಟೋ ಇವತ್ತಿಗೂ ಅವರ ಮನೆಯ ಗೋಡೆಯ ಮೇಲಿದೆ. ಅಕ್ಕ ನಗುತ್ತಿದ್ದಾಳೆ, ಭಾವ ಕ್ಯಾಮೆರಾದವನನ್ನು ಗುರಾಯಿಸುತ್ತಿದ್ದಾರೆ.

"ಇವರು ಕನ್ನಡಿಯೊಳಗೆ ಇರೋನ ಮೇಲೂ ಹೊಟ್ಟೆ ಉರ್ಕೋತಾರೆ ಕಣೇ" ಎಂದು ಅಕ್ಕ ಹೇಳುವುದುಂಟು.

ಮೊದಲು ಭಾವನದು ರೇಡಿಯೋ ರಿಪೇರಿ ಅಂಗಡಿ. ಎದುರು ಸಾಲಿನಲ್ಲಿ ಅದೇ ಕೆಲಸದ ಇನ್ನೊಬ್ಬನಿದ್ದ. ಅವನ ಬಾಗಿಲಲ್ಲಿ ಎರಡು ಸೈಕಲ್ ನಿಂತರೆ ಇವರಿಗೆ ಮಧ್ಯಾಹ್ನದ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೊನೆಗೆ ರೇಡಿಯೋಗಳ ಕಾಲವೇ ಹೋಯಿತು, ಇಬ್ಬರ ಅಂಗಡಿಯೂ ಮುಚ್ಚಿತು. ಅವನದು ಮೊದಲು ಮುಚ್ಚಿತಲ್ಲ ಎಂಬ ಸಮಾಧಾನದಲ್ಲಿ ಭಾವ ವಿಜ್ಞಾನ ಭವನಕ್ಕೆ ಎಲೆಕ್ಟ್ರಿಷಿಯನ್ ಆಗಿ ಸೇರಿದರು. ಬೇರೆಯವರು ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಳ್ಳುವ ಕಡೆ ಇವರು ಟೆಸ್ಟರ್ ಸಿಕ್ಕಿಸಿಕೊಳ್ಳುತ್ತಿದ್ದರು. ಸ್ವಲ್ಪ ದಿನದ ಮೇಲೆ ನನಗೂ ಅಲ್ಲೇ ಕೆಲಸ ಕೊಡಿಸಿದರು. ನಡುವಣ ಮೊಗಸಾಲೆಯಲ್ಲಿ ಕೂತು ಜನರ ಚೀಲ, ಕೊಡೆ ಇಟ್ಟುಕೊಂಡು ಚೀಟಿ ಕೊಡುವುದು, ಆಟ ಶುರುವಾಗುವಾಗ ಗಂಟೆ ಹೊಡೆಯುವುದು. ಕೂತಲ್ಲೇ ಕೂತರೆ ಕಿವಿಗೆ ಬೇಕಾದಷ್ಟು ಬೀಳುತ್ತದೆ. ದೇವರು ಕೊಟ್ಟ ಕೆಲಸ ಎಂದುಕೊಂಡು ನಾನು ಅದರಲ್ಲೇ ಸುಖವಾಗಿದ್ದೆ.

ಒಂದು ಸಲ ಯಾರೋ ವಿಜ್ಞಾನಿ ಬಂದು ಭಾಷಣ ಮಾಡಿದರು. ಒಟ್ಟಿಗೆ ಹುಟ್ಟಿದ ಎರಡು ಕಣಗಳು ಎಷ್ಟೇ ದೂರ ಹೋದರೂ ಹೆಣೆದುಕೊಂಡೇ ಇರುತ್ತವೆ, ಒಂದನ್ನು ಅಳೆದರೆ ಇನ್ನೊಂದರ ಅಳತೆ ಅದಕ್ಕೆ ತಾಳೆಯಾಗುತ್ತದೆ ಎಂದರು. ಭಾವ ಏಣಿಯ ಮೇಲೆ ನಿಂತು ಟ್ಯೂಬ್‌ಲೈಟ್ ಹಾಕುತ್ತಾ ಅರ್ಧ ಕೇಳಿಸಿಕೊಂಡರು. ಉಳಿದರ್ಧ ಅವರೇ ಸೇರಿಸಿಕೊಂಡರು: "ಒಂದಕ್ಕೆ ಏನಾದ್ರೂ ಆದ್ರೆ ಇನ್ನೊಂದಕ್ಕೆ ಆ ಕ್ಷಣವೇ ಗೊತ್ತಾಗತ್ತಂತೆ ನೋಡಮ್ಮಾ. ಪುಟ್ಟಿಗೆ ಜ್ವರ ಬಂದಾಗ ನನಗೆ ಅಂಗಡೀಲೇ ಮೈ ಬೆಚ್ಚಗಾಗ್ತಿತ್ತಲ್ಲ, ಹಾಗೆ."

ಪುಟ್ಟಿ ಅವರ ಒಬ್ಬಳೇ ಮಗಳು. ಜೋಡಿದೀಪದ ಆಟ ಅವಳಿಗಾಗಿಯೇ ಹುಟ್ಟಿತು.

ಮೊಗಸಾಲೆಯ ಎಡಗಡೆಯ ಕೋಣೆಯಲ್ಲಿ ಒಂದು ಪೆಟ್ಟಿಗೆ, ಬಲಗಡೆಯದರಲ್ಲಿ ಇನ್ನೊಂದು. ಒಂದೊಂದರಲ್ಲೂ ಒಂದು ಕೆಂಪು ಬಲ್ಬು, ಒಂದು ನೀಲಿ ಬಲ್ಬು, ಕೆಳಗೆ ಎರಡು ಗುಂಡಿ. ಎಡಗಡೆ ಭಾವ, ಬಲಗಡೆ ಎರಡು ಜಡೆಯ ಪುಟ್ಟಿ. ನಾನು ಗಂಟೆ ಹೊಡೆದಾಗಲೆಲ್ಲ ಎರಡೂ ಕಡೆ ಒಂದೊಂದು ದೀಪ ಹತ್ತುತ್ತಿತ್ತು. ನೋಡಲು ಬಂದವರಲ್ಲೇ ಒಬ್ಬರು ಆಯಾ ಕೋಣೆಯ ಸ್ಲೇಟಿನ ಮೇಲೆ ಬಣ್ಣ ಬರೆಯುತ್ತಿದ್ದರು. ಕೊನೆಗೆ ಎರಡು ಸ್ಲೇಟನ್ನೂ ನನ್ನ ಕೌಂಟರಿನ ಮೇಲೆ ಅಕ್ಕಪಕ್ಕ ಇಟ್ಟರೆ ಒಂದಕ್ಷರ ತಪ್ಪುತ್ತಿರಲಿಲ್ಲ. ಜನ ಬೆರಗಾಗುತ್ತಿದ್ದರು.

ಗುಟ್ಟು ಏನೆಂದರೆ ಬೀದಿ. ಮನೆಯಿಂದ ಭವನಕ್ಕೆ ಅಪ್ಪ ಮಗಳು ನಡೆದು ಬರುವ ದಾರಿಯನ್ನೇ ಇಬ್ಬರೂ ಮನಸ್ಸಿನಲ್ಲಿ ನಡೆಯುತ್ತಿದ್ದರು. ಅಂಚೆಡಬ್ಬಿ ಕೆಂಪು. ಹಾಲಿನ ಅಂಗಡಿ ನೀಲಿ. ಔಷಧಿ ಅಂಗಡಿ ನೀಲಿ. ಕ್ಷೌರದಂಗಡಿ ಕೆಂಪು. ಶಾಲೆಯ ಗೇಟು ನೀಲಿ. ಹೀಗೇ ಭವನದ ಮೆಟ್ಟಿಲವರೆಗೆ. ಒಂದು ಸಲ ಗಂಟೆ ಹೊಡೆದರೆ ಒಂದು ಬಾಗಿಲು, ಅದರ ಬಣ್ಣದ ಗುಂಡಿ.

ಒಂದು ದಿನ ಒಬ್ಬ ಕಿಲಾಡಿ ಎದ್ದು ನಿಂತ. "ಮೊದಲೇ ಮಾತಾಡ್ಕೊಂಡಿದ್ದೀರಿ ಸ್ವಾಮಿ. ಬಣ್ಣ ನಾನು ಹೇಳ್ತೀನಿ, ಹತ್ತಿಸಿ ನೋಡೋಣ!" ಜನ ನಕ್ಕುಬಿಟ್ಟರು. ಆ ನಗು ಭಾವನಿಗೆ ಮುಳ್ಳಿನ ಹಾಗೆ ನಾಟಿತು. ರಜೆಯ ದಿನ ಬಂದು ಎರಡು ಪೆಟ್ಟಿಗೆಗೂ ನಡುವೆ ತಂತಿ ಎಳೆದರು. ಅದು ಮೊಗಸಾಲೆಯ ಜಮಖಾನದ ಅಡಿಯಲ್ಲಿ, ನನ್ನ ಕೌಂಟರಿನ ಮುಂದೆಯೇ ಹಾಯ್ದಿತ್ತು. ಜನ ಅದರ ಮೇಲೆ ನಿಂತೇ ನನಗೆ ಕೊಡೆ ಕೊಡುತ್ತಿದ್ದರು. ಆಮೇಲೆ "ಬಣ್ಣ ನೀವೇ ಹೇಳಿ!" ಎಂದು ಭಾವ ಎದೆಯುಬ್ಬಿಸುವುದು, ಇಲ್ಲಿ ಒತ್ತಿದ ಬಣ್ಣ ಅಲ್ಲಿ ತಾನಾಗಿ ಹತ್ತುವುದು. ಪುಟ್ಟಿಗೆ ಸುಮ್ಮನೆ ಕೂರುವ ಕೆಲಸ. ಭವನದಲ್ಲಿ ಭಾವನ ಹೆಸರೇ ಜೋಡಿದೀಪ ಎಂದಾಯಿತು. ತಂತಿಯ ವಿಷಯ ಗೊತ್ತಿದ್ದದ್ದು ಅಪ್ಪನಿಗೆ, ಮಗಳಿಗೆ, ಕೌಂಟರಿನಲ್ಲಿ ಕೂತ ನನಗೆ. ಅಕ್ಕನಿಗೂ ಹೇಳಿರಲಿಲ್ಲ. "ಯಾರಿಗೂ ಹೇಳಬಾರದು ಪುಟ್ಟೀ, ದೇವರಿಗೂ" ಎಂದು ಭಾವ ಆಣೆ ಹಾಕಿಸಿಕೊಂಡಿದ್ದರು. ದೇವರನ್ನು ಏಕೆ ಹೊರಗಿಡಬೇಕಿತ್ತೋ ನನಗೆ ತಿಳಿಯಲಿಲ್ಲ.

ಪುಟ್ಟಿ ಬೆಳೆದಳು, ಓದಿದಳು, ಮದುವೆಯಾದಳು. ಹುಡುಗ ಭೌತಶಾಸ್ತ್ರ ಓದಿದವನು, ಉದ್ದಕ್ಕೆ, ತೆಳ್ಳಗೆ, ಮಾತಿನ ಮಧ್ಯೆ ಯೋಚಿಸಲು ನಿಲ್ಲುವವನು. ಅಳಿಯ ಅಲ್ಲ, ಮಗಳ ಗಂಡ ಎಂದು ಗಾದೆ. ಭಾವನಿಗೆ ಅಳಿಯ ಅಂದರೆ ಅಡ್ಡಿಯಿರಲಿಲ್ಲ, ಮಗಳ ಗಂಡ ಅನ್ನುವುದೇ ಸಹಿಸಲಾಗುತ್ತಿರಲಿಲ್ಲ. ಪುಟ್ಟಿ ಅವನಿಗೆ ಸ್ವೆಟರ್ ಹೆಣೆದರೆ, "ನನಗೆ ಒಂದು ಕಾಲುಚೀಲ ಹೆಣೆದಿದ್ದಳಾ?" ಅವನು ಅಕ್ಕನನ್ನು ಅಮ್ಮಾ ಎಂದು ಕರೆದರೆ, "ಅವನಿಗೆ ಅವನದೇ ಅಮ್ಮ ಇಲ್ವಾ?" ಇದೆಲ್ಲ ಅವನ ಬೆನ್ನ ಹಿಂದೆ. ಎದುರಿಗೆ, "ಬನ್ನಿ ಬನ್ನಿ, ಕೂತ್ಕೊಳ್ಳಿ."

ಅಂಥದ್ದರಲ್ಲಿ ಭವನದಲ್ಲಿ ವಿವರಣೆ ಕೊಡುವವರ ಕೆಲಸ ಖಾಲಿಯಾಗಿ ಅಳಿಯನೇ ಬಂದು ಸೇರಿಕೊಂಡ. ಆ ವಾರವೇ ಗಂಡ ಹೆಂಡತಿ ಊಟಕ್ಕೆ ಬಂದಿದ್ದರು. ನಾನೂ ಇದ್ದೆ. ಅಳಿಯ ಅನ್ನ ಕಲಸುತ್ತಾ ಸಹಜವಾಗಿ ಕೇಳಿದ:

"ಮಾವ, ನಿಮ್ಮ ದೀಪದ ತಂತಿ ಯಾವ ಕಡೆಯಿಂದ ಹೋಗಿದೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಭಾವನ ಕೈ ಜೇಬಿನ ಟೆಸ್ಟರಿಗೆ ಹೋಯಿತು. "ಯಾವ ತಂತಿ?" ಎಂದು ಮಗಳ ಕಡೆ ನೋಡಿದರು. ಪುಟ್ಟಿ ತಟ್ಟೆ ನೋಡುತ್ತಿದ್ದಳು.

ಅಷ್ಟೇ. ಹೇಳಿಬಿಟ್ಟಿದ್ದಾಳೆ ಎಂದು ಭಾವ ತೀರ್ಮಾನಿಸಿದರು. ದೇವರಿಗೂ ಹೇಳದ ಗುಟ್ಟನ್ನು ಗಂಡನಿಗೆ ಹೇಳಿದ್ದಾಳೆ. ಆವತ್ತಿನಿಂದ ಅವರಿಗೆ ಬೇಕಾಗಿದ್ದು ಒಂದೇ ಉತ್ತರ: ಮಗಳು ಇನ್ನೂ ತನ್ನವಳೋ, ಪೂರ್ತಿ ಅವನವಳೋ. ಆದರೆ ಬಾಯಿ ಬಿಟ್ಟು ಕೇಳಲಿಲ್ಲ. ಕೇಳಿ, ಅವನವಳೇ ಎಂದುಬಿಟ್ಟರೆ?

ಮರುವಾರ ಅಳಿಯ ಹೊಸದೊಂದು ಆಟ ತಂದ. ಅಗಲವಾದ ತಟ್ಟೆಯಲ್ಲಿ ಎಣ್ಣೆ, ಕೆಳಗೆ ಸ್ಪೀಕರ್. ಅದು ಗುಂಯ್‌ಗುಟ್ಟಿ ತಟ್ಟೆಯನ್ನು ನಡುಗಿಸುತ್ತದೆ. ಅದೇ ಎಣ್ಣೆಯ ಒಂದು ಹನಿ ಬಿಟ್ಟರೆ ಮುಳುಗುವುದಿಲ್ಲ, ಪುಟಿಯುತ್ತದೆ. ಪುಟಿದಲ್ಲೆಲ್ಲ ಅಲೆ ಏಳುತ್ತದೆ, ಆ ಅಲೆಯೇ ಹನಿಯನ್ನು ಮುಂದಕ್ಕೆ ನಡೆಸುತ್ತದೆ. ನೋಡುತ್ತಿದ್ದರೆ ಹನಿ ಯಾವುದೋ ಕೆಲಸಕ್ಕೆ ಹೊರಟ ಹಾಗಿರುತ್ತದೆ. ಜನ ಚಪ್ಪಾಳೆ ಹೊಡೆಯುತ್ತಿರಲಿಲ್ಲ, ಆದರೆ ಎದ್ದೂ ಹೋಗುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಾ ನಿಲ್ಲುತ್ತಿದ್ದರು. ಭಾವ ಬಾಗಿಲ ಸಂದಿಯಿಂದ ನೋಡಿ ಬಂದು, "ಹನಿ ಕುಣಿಸ್ತಾನಂತೆ. ಕೋತಿ ಕುಣಿಸಿದ್ರೆ ಇನ್ನೂ ಜನ ಬರ್ತಿದ್ರು" ಎಂದರು. ಐದು ನಿಮಿಷ ಬಿಟ್ಟು ಮತ್ತೆ ಸಂದಿಗೆ ಹೋದರು.

ಜನ ಕಡಿಮೆಯಿದ್ದ ಒಂದು ದಿನ ಅಳಿಯ ನನ್ನ ಕೌಂಟರಿಗೆ ಒರಗಿಕೊಂಡು ನಿಂತ.

"ಚಿಕ್ಕತ್ತೆ, ನಿಮಗೆ ಆ ಹನಿ ಇಷ್ಟವಾಯ್ತಾ?"

"ಆಯ್ತಪ್ಪ. ಆದರೆ ಅದಕ್ಕೂ ಕಣಕ್ಕೂ ಏನು ಸಂಬಂಧ?"

"ಕಣ ಎಲ್ಲಿ ಸಿಗುತ್ತೆ ಅನ್ನೋದು ಅಳೆಯೋವರೆಗೆ ತೀರ್ಮಾನವೇ ಆಗಿರಲ್ಲ, ಬರೀ ಸಂಭವ ಅಷ್ಟೇ ಅಂತ ಬಹಳ ಜನ ಹೇಳ್ತಾರೆ. ಇನ್ನು ಕೆಲವರು, ಇಲ್ಲ, ಕಣಕ್ಕೆ ಯಾವಾಗಲೂ ಒಂದು ಜಾಗ ಇದೆ, ಒಂದು ದಾರಿ ಇದೆ, ಅಲೆ ಅದನ್ನ ನಡೆಸುತ್ತೆ ಅಂತಾರೆ. ಎಲ್ಲಿಂದ ಹೊರಟಿತು ಅನ್ನೋದರಲ್ಲೇ ಎಲ್ಲಿ ಮುಟ್ಟುತ್ತೆ ಅನ್ನೋದು ಸೇರಿಹೋಗಿದೆ. ಹೊರಟ ಜಾಗ ನಮಗೆ ಕರಾರುವಾಕ್ಕಾಗಿ ತಿಳಿಯಲ್ಲ, ಅದಕ್ಕೇ ನಮಗೆ ಅದು ಅದೃಷ್ಟದ ಆಟದ ಹಾಗೆ ಕಾಣುತ್ತೆ."

"ಹಣೆಬರಹ ಅನ್ನು."

ಅವನು ನಕ್ಕ. "ಬರೆದಿದೆ ಅನ್ನೋರ ಲೆಕ್ಕಕ್ಕೂ ಬರೆದಿಲ್ಲ ಅನ್ನೋರ ಲೆಕ್ಕಕ್ಕೂ ಪ್ರಯೋಗದಲ್ಲಿ ಉತ್ತರ ಒಂದೇ ಬರುತ್ತೆ. ಅದೇ ಕಷ್ಟ."

"ಹಾಗಾದ್ರೆ ನಂಬೋರು ನಂಬಬಹುದು."

"ನಂಬಬಹುದು. ಆದರೆ ಒಂದು ಷರತ್ತಿದೆ. ಹೆಣೆದುಕೊಂಡ ಎರಡು ಕಣ ಅಂದರೆ ಅವೆರಡಕ್ಕೂ ಸೇರಿ ಒಂದೇ ಅಲೆ. ಒಂದರ ದಾರಿಯನ್ನ ಇನ್ನೊಂದನ್ನ ಬಿಟ್ಟು ಹೇಳೋಕಾಗಲ್ಲ, ಎಷ್ಟೇ ದೂರ ಇದ್ದರೂ. ಅಷ್ಟನ್ನ ನನ್ನ ಎಣ್ಣೆ ತಟ್ಟೆ ತೋರಿಸಲ್ಲ, ಅದು ಬರೀ ಹೋಲಿಕೆ."

ಯಾರೋ ಬಿಟ್ಟುಹೋದ ಒಂಟಿ ಚಪ್ಪಲಿಯೊಂದು ನನ್ನ ಕೌಂಟರಿನಡಿ ಬಹಳ ದಿನದಿಂದ ಬಿದ್ದಿತ್ತು. ಅದನ್ನು ಎತ್ತಿ ತೋರಿಸಿದೆ. "ಇದು ಎಡಗಾಲಿನದು. ಇನ್ನೊಂದು ಎಲ್ಲೇ ಇರಲಿ, ಬಲಗಾಲಿನದು ಅಂತ ನಾನು ಇಲ್ಲೇ ಕೂತು ಹೇಳ್ತೀನಿ. ಇಷ್ಟೇ ಅಲ್ವಾ?"

ಅವನು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. "ಎಲ್ಲರೂ ಹೀಗೇ ಅಂದ್ಕೋತಾರೆ. ಇಲ್ಲವೇ ಮಾವನ ಹಾಗೆ, ಒಂದು ಇನ್ನೊಂದಕ್ಕೆ ಸುದ್ದಿ ಕಳಿಸುತ್ತೆ ಅಂದ್ಕೋತಾರೆ. ಎರಡೂ ಅಲ್ಲ ಚಿಕ್ಕತ್ತೆ." ಅಷ್ಟರಲ್ಲಿ ಭಾವ ಏಣಿ ಹೊತ್ತುಕೊಂಡು ಬಂದರು. ನಾವು ಮಾತಾಡುತ್ತಿದ್ದದ್ದು ಕಂಡಿತು. "ಓಹೋ, ನೀನೂ ಆ ಪಕ್ಷ ಸೇರಿದೆಯಾ?" ಎಂದು ನನ್ನನ್ನು ಕೇಳಿ, ಉತ್ತರಕ್ಕೆ ಕಾಯದೆ ಹೋದರು.

ತಿಂಗಳ ಕೊನೆಗೆ ಮ್ಯಾನೇಜರ್ ಭಾವನನ್ನು ಕರೆಸಿದರು. ಸುತ್ತಲಿನ ಶಾಲೆಗಳ ಮೇಷ್ಟ್ರುಗಳೆಲ್ಲ ಭವನ ನೋಡಲು ಬರುವವರಿದ್ದರು. "ಜೋಡಿದೀಪ ಬೇಡ ಅಂತ ನಿಮ್ಮ ಅಳಿಯಂದಿರ ಅಭಿಪ್ರಾಯ. ತಪ್ಪು ಕಲಿಸುತ್ತಂತೆ. ನೀವೇನಂತೀರಿ?"

ಭಾವನ ಹೊಟ್ಟೆಯಲ್ಲಿ ಬೆಂಕಿ ಹೊತ್ತಿಕೊಂಡಿತು. ಆದರೂ ದನಿ ಮೆತ್ತಗಿತ್ತು. "ಅವತ್ತು ಕೊನೆಯ ಸಲ ನಡೆಸ್ತೀನಿ. ಮೊದಲಿನ ಹಾಗೆ ಆ ಕಡೆ ನನ್ನ ಮಗಳು ಕೂರಲಿ. ಆಮೇಲೆ ಪೆಟ್ಟಿಗೆ ಅಟ್ಟಕ್ಕೆ ಹಾಕಿ."

ಪುಟ್ಟಿ ಒಪ್ಪಿದಳು. "ಆಗಲಿ ಅಪ್ಪ" ಎಂದಳಷ್ಟೇ. ಅದೂ ಭಾವನಿಗೆ ಚುಚ್ಚಿತು. "ಗಂಡನ್ನ ಕೇಳಿ ಹೇಳ್ತೀನಿ ಅನ್ನಲಿಲ್ಲ ನೋಡು, ಆಗಲೇ ಕೇಳಿಕೊಂಡು ಬಂದಿದ್ದಾಳೆ!"

ಆ ದಿನ ಬೆಳಿಗ್ಗೆ ನಾನು ಬಂದಾಗ ಭಾವ ಮೊಗಸಾಲೆಯಲ್ಲಿ ಜಮಖಾನ ಮಡಚಿ ಕೂತಿದ್ದರು. ತಂತಿಯನ್ನು ಪೂರ್ತಿ ಕಿತ್ತು ಸುತ್ತಿ ಚೀಲಕ್ಕೆ ತುಂಬುತ್ತಿದ್ದರು.

"ಇದೇನು ಭಾವ! ದೀಪ ಹತ್ತೋದು ಹೇಗೆ?"

"ಹತ್ತದಿದ್ರೆ ಬೇಡ. ಅವಳು ಹೇಳಿದ್ದಾಳೆ, ಅವನು ಇವತ್ತು ಎಲ್ಲರೆದುರಿಗೆ ಜಮಖಾನ ಎತ್ತುತ್ತಾನೆ. ಎತ್ತಲಿ. ಕೈಗೆ ಧೂಳು ಹತ್ತಿಸ್ಕೊಂಡು ನಿಂತಾಗ ಅವನ ಮುಖ ನೋಡ್ಬೇಕು ನಾನು." ಅವನು ಚಾಪೆಯಡಿ ನುಸುಳಿದರೆ ಇವರು ರಂಗೋಲಿಯಡಿ ನುಸುಳುವವರು.

"ಪುಟ್ಟಿಗೆ ಹೇಳಿದ್ದೀರಾ?"

"ಯಾಕೆ ಹೇಳಲಿ? ಅವಳಿಗೆ ಹೇಳಿದ್ರೆ ಅವನಿಗೆ ಹೇಳಿದ ಹಾಗೆ."

ನೆಗಡಿಗೆ ಮೂಗು ಕೊಯ್ದುಕೊಳ್ಳುವುದು ಎಂದರೆ ಇದೇ. ಆ ಚೀಲವನ್ನು ನನ್ನ ಕೈಗೇ ಕೊಟ್ಟು, ಕೊಡೆಗಳ ಹಿಂದೆ ಇಡು ಎಂದರು. ದೇವರೇ, ಈ ಮನುಷ್ಯನನ್ನು ಇವನ ಕೈಯಿಂದಲೇ ಕಾಪಾಡು ಎಂದು ಮನಸ್ಸಿನಲ್ಲೇ ಹೇಳಿಕೊಂಡು ಚೀಟಿ ಇಲ್ಲದೆ ಇಟ್ಟುಕೊಂಡೆ.

ಮೇಷ್ಟ್ರುಗಳು ಬಂದರು. ಎರಡು ಕೋಣೆಯೂ ತುಂಬಿತು. ಪುಟ್ಟಿ ಬಲಗಡೆಗೆ ಹೋದಳು. ಅಳಿಯ ಎಡಗಡೆಯ ಕೋಣೆಯಲ್ಲಿ, ಭಾವನ ಎದುರಿಗೇ ಕೂತ. ಭಾವ ಬಾಗಿಲಲ್ಲಿ ನಿಂತು ದೊಡ್ಡ ದನಿ ತೆಗೆದರು: "ಈ ಎರಡು ಪೆಟ್ಟಿಗೆ ನಡುವೆ ತಂತಿ ಇದೆ ಅಂತ ಕೆಲವರಿಗೆ ಅನುಮಾನ. ಯಾರು ಬೇಕಾದ್ರೂ ಜಮಖಾನ ಎತ್ತಿ ನೋಡಬಹುದು. ನಾಚಿಕೆ ಬೇಡ." ಕಣ್ಣು ಅಳಿಯನ ಮೇಲೇ ನೆಟ್ಟಿತ್ತು.

ಅಳಿಯ ತನ್ನ ಕೈಬೆರಳು ನೋಡುತ್ತಾ ಕೂತ, ಏಳಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಡ್ರಾಯಿಂಗ್ ಮೇಷ್ಟ್ರು ಉತ್ಸಾಹದಿಂದ ಬಂದು ಉದ್ದಕ್ಕೂ ಎತ್ತಿ ನೋಡಿ, ಸೀನಿ, "ಏನೂ ಇಲ್ಲ, ಬರೀ ಧೂಳು" ಎಂದು ಸಾರಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಈಗ ಭಾವ ಸಿಕ್ಕಿಕೊಂಡರು. ಬಲೆ ಹಾಕಿದ್ದು ಅಳಿಯನಿಗೆ, ಒಳಗೆ ಬಿದ್ದದ್ದು ತಾವು. ಆಟ ನಡೆಸಲೇಬೇಕು, ತಂತಿ ನನ್ನ ಕೊಡೆಗಳ ಹಿಂದಿದೆ. "ಬಣ್ಣ ನಾವು ಹೇಳ್ತೀವಿ" ಎಂದು ಯಾರೋ ಕೂಗಿದರು. "ಇವತ್ತು ಬೇಡ," ಎಂದರು ಭಾವ, "ಇವತ್ತು ದೀಪವೇ ಹೇಳಲಿ." ನನ್ನ ಕಡೆ ತಿರುಗಿ ತಲೆಯಾಡಿಸಿದರು. ನಾನು ಗಂಟೆ ಹೊಡೆದೆ.

ಕೌಂಟರಿನಿಂದ ನನಗೆ ಎರಡು ಬಾಗಿಲೂ ಕಾಣುತ್ತದೆ. ಎಡಗಡೆ ಕೆಂಪು ಹತ್ತಿತು. ಬಲಗಡೆ ಕತ್ತಲು. ಪುಟ್ಟಿ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಒಂದುಸಿರು ಎಳೆದು ಬಿಡುವಷ್ಟು ಹೊತ್ತು. ಆಮೇಲೆ ಅವಳ ಕೈ ಮೆಲ್ಲಗೆ ಮುಂದೆ ಬಂತು, ಯಾರೂ ಎಷ್ಟೋ ವರ್ಷದಿಂದ ಮುಟ್ಟದ ಗುಂಡಿಯ ಮೇಲೆ. ಕೆಂಪು.

ಅಂಚೆಡಬ್ಬಿ, ಎಂದುಕೊಂಡೆ ನಾನು. ಮತ್ತೆ ಗಂಟೆ ಹೊಡೆದೆ. ನೀಲಿ, ನೀಲಿ. ಹಾಲಿನ ಅಂಗಡಿ. ಇನ್ನೊಂದು ಗಂಟೆ. ನೀಲಿ, ನೀಲಿ. ಭಾವ ಆ ಕೋಣೆಯನ್ನು ನೋಡುವ ಹಾಗಿಲ್ಲ, ಅವರಿಗೆ ಏನೂ ಗೊತ್ತಾಗುತ್ತಿಲ್ಲ. ಹಣೆಯಲ್ಲಿ ಬೆವರು. ಮುಂದಿನದು ಕ್ಷೌರದಂಗಡಿ. ನನ್ನ ಕೈ ಗಂಟೆಯ ಮೇಲೆ ನಿಂತುಬಿಟ್ಟಿತು. ಆ ಅಂಗಡಿಯನ್ನು ಹಳಬ ತೀರಿಕೊಂಡ ಮೇಲೆ ಅವನ ತಮ್ಮ ನೀಲಿ ಬಳಿಸಿದ್ದ. ದಿನಾ ಅದರ ಮುಂದೆಯೇ ಓಡಾಡುವ ಭಾವ ಯಾವುದನ್ನು ಒತ್ತುತ್ತಾರೆ? ಎಷ್ಟೋ ದಿನಕ್ಕೊಮ್ಮೆ ಬರುವ ಪುಟ್ಟಿ ಯಾವುದನ್ನು? ಹೊಡೆದೆ.

ಎಡಗಡೆ ಕೆಂಪು. ಬಲಗಡೆ, ತಡವೇ ಇಲ್ಲದೆ, ಕೆಂಪು.

ಆಟ ಮುಗಿದಾಗ ಎರಡು ಸ್ಲೇಟುಗಳು ನನ್ನ ಕೌಂಟರಿಗೆ ಬಂದವು. ಬೇರೆಬೇರೆಯಾಗಿ ನೋಡಿದರೆ ಎರಡೂ ಮಕ್ಕಳು ಗೀಚಿದ ಹಾಗಿತ್ತು, ಕ್ರಮವಿಲ್ಲ, ಅರ್ಥವಿಲ್ಲ. ಅಕ್ಕಪಕ್ಕ ಇಟ್ಟಾಗ ಜನ ಓ ಎಂದರು. ಭಾವ ಮೊದಲ ಸಾಲು ನೋಡಿದರು, ಎರಡನೆಯದು ನೋಡಿದರು, ನಾಲ್ಕನೆಯದರ ಹತ್ತಿರ ಬೆರಳಿಟ್ಟು ಅಲ್ಲೇ ನಿಂತುಬಿಟ್ಟರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಮತ್ತೆ ಅದನ್ನೇ ನೋಡಿದರು.

ಮೇಷ್ಟ್ರುಗಳು ಎಣ್ಣೆ ತಟ್ಟೆಯ ಕಡೆ ಹೊರಟ ಮೇಲೆ ಅಳಿಯ ಹತ್ತಿರ ಬಂದ. "ಮಾವ, ತಂತಿ ತೆಗೆದುಬಿಟ್ಟಿದ್ರಾ?"

"ಯಾವ ತಂತಿ? ನನ್ನ ಮಗಳು ನಿನಗೆ ಹೇಳಿದ ತಂತಿನಾ?" ಬಹುವಚನ ಎಲ್ಲೋ ಬಿದ್ದುಹೋಗಿತ್ತು.

"ಅವಳೇನೂ ಹೇಳಿಲ್ಲ. ನಾನು ಎಷ್ಟು ಸಲ ಕೇಳಿದೆ. ಅಪ್ಪನ್ನೇ ಕೇಳಿ ಅಂದಳು. ಅದಕ್ಕೇ ಅವತ್ತು ಊಟದಲ್ಲಿ ನಿಮ್ಮನ್ನ ಕೇಳಿದ್ದು."

"ಮತ್ತೆ ನಿನಗೆ ಗೊತ್ತಾದದ್ದು?"

"ನೀವೇ ಹೇಳ್ತಿದ್ರಲ್ಲ, ಬಣ್ಣ ನೀವೇ ಆರಿಸಿ ಅಂತ. ನಿಜವಾದ ಜೋಡಿ ಕಣದಲ್ಲಿ ಯಾವ ಬಣ್ಣ ಬರಬೇಕು ಅಂತ ಆರಿಸೋಕೆ ಯಾರಿಗೂ ಆಗಲ್ಲ ಮಾವ. ಎಲ್ಲ ಮೊದಲೇ ತೀರ್ಮಾನವಾಗಿದೆ ಅನ್ನೋರ ಲೆಕ್ಕದಲ್ಲೂ ಆಗಲ್ಲ. ಆರಿಸೋಕಾದ್ರೆ ಸುದ್ದಿ ಕಳಿಸಬಹುದು. ಅಲ್ಲಿ ಸುದ್ದಿ ಹೋಗಲ್ಲ. ಎರಡು ಕಡೆಯದೂ ಪಕ್ಕಪಕ್ಕ ಇಟ್ಟಾಗ ಮಾತ್ರ ಹೊಂದಿಕೆ ಕಾಣೋದು. ಸುದ್ದಿ ಹೋಯ್ತು ಅಂದರೆ ತಂತಿ ಇರಲೇಬೇಕು."

ಮಗಳಿಂದ ಗಂಡನಿಗೆ ಯಾವ ಮಾತೂ ಹೋಗಿರಲಿಲ್ಲ. ಇಲ್ಲದ ತಂತಿಯೊಂದನ್ನು ಇಷ್ಟು ದಿನ ಭಾವ ತಾವೇ ಆ ಗಂಡ ಹೆಂಡಿರ ನಡುವೆ ಎಳೆದುಕೊಂಡು ಎಡವುತ್ತಿದ್ದರು.

ಪುಟ್ಟಿ ಬಲಗಡೆಯ ಕೋಣೆಯಿಂದ ಬಂದಳು. ಭಾವ ಮೂಗು ಒರೆಸಿಕೊಂಡು, "ಧೂಳು ಜಾಸ್ತಿ ಇದೆ" ಎಂದರು.

"ಸರಿ, ಆದರೆ ಇವತ್ತು ತಂತಿ ಇರಲಿಲ್ಲ." ಅಳಿಯ ಸ್ಲೇಟುಗಳನ್ನು ಬಿಟ್ಟಿರಲಿಲ್ಲ. "ಅಂದರೆ ಮೊದಲೇ ಏನೋ ಮಾತಾಡಿಕೊಂಡಿದ್ದೀರಿ. ಚಿಕ್ಕತ್ತೆಯ ಚಪ್ಪಲಿಯ ಹಾಗೆ. ಎರಡೂ ಕಡೆ ಯಾವ ಬಣ್ಣ ಅಂತ ಒಂದೇ ಪ್ರಶ್ನೆ ಕೇಳಿದರೆ ಅದು ನಡೆಯುತ್ತೆ. ನಾನು ಆ ಕಡೆ ಒಂದು, ಈ ಕಡೆ ಇನ್ನೊಂದು, ಮನಸ್ಸಿಗೆ ಬಂದ ಹಾಗೆ ಬದಲಾಯಿಸಿ ಕೇಳಿದ್ದರೆ ಬಾಯಿಪಾಠದವರು ಲೆಕ್ಕದಲ್ಲಿ ಸಿಕ್ಕಿಬೀಳ್ತಿದ್ರಿ. ನಿಜವಾದ ಕಣ ಸಿಕ್ಕಿಬೀಳಲ್ಲ."

"ಕೇಳಲಿಲ್ಲವಲ್ಲ ನೀವು" ಎಂದಳು ಪುಟ್ಟಿ.

"ಈಗ ಕೇಳ್ತೀನಿ. ಏನು ಬಾಯಿಪಾಠ?"

"ಅಪ್ಪನ್ನೇ ಕೇಳಿ."

"ಏನಿಲ್ಲ ಬಿಡಿ" ಎಂದರು ಭಾವ. ಬಹುವಚನ ವಾಪಸು ಬಂದಿತ್ತು, ಜೊತೆಗೆ ಬಹಳ ದಿನದಿಂದ ಕಾಣದ ಒಂದು ನಗುವೂ.

"ನನಗೂ ಹೇಳಲ್ವಾ?" ಅಳಿಯ ಹೆಂಡತಿಯನ್ನೇ ನೋಡಿದ. ಅವನ ಕಿವಿ ಕೆಂಪಗಾಗಿತ್ತು. ಆ ಕೆಂಪು ನನಗೆ ಹೊಸದಲ್ಲ. ಅದನ್ನು ಮದುವೆಯ ಫೋಟೋದಿಂದ ಇಲ್ಲಿಯವರೆಗೆ ಭಾವನ ಕಿವಿಯಲ್ಲಿ ನೋಡುತ್ತಲೇ ಬಂದಿದ್ದೇನೆ.

ಪೆಟ್ಟಿಗೆಗಳು ಅಟ್ಟಕ್ಕೆ ಹೋಗಲಿಲ್ಲ. ಹೆಣೆದುಕೊಂಡ ಕಣ ಎಂದರೆ ಯಾವುದು ಅಲ್ಲ ಎಂದು ತೋರಿಸಲು ಅವೇ ಬೇಕು ಎಂದು ಅಳಿಯನೇ ಉಳಿಸಿಕೊಂಡ. ಈಗ ಭಾವ ತಂತಿಯನ್ನು ಜಮಖಾನದ ಮೇಲೆಯೇ ಎಳೆದು ಎಲ್ಲರಿಗೂ ತೋರಿಸುತ್ತಾರೆ, ತಪ್ಪು ಯಾವುದು ಎಂದು ತಾವೇ ಹೇಳುತ್ತಾರೆ, ಸರಿ ಯಾವುದು ಎಂದು ಅಳಿಯ ಹೇಳುತ್ತಾನೆ. ಸರಿ ಹೇಳುವವನಿಗೆ ಜಾಸ್ತಿ ಹೊತ್ತು ಕೊಟ್ಟಿದ್ದಾರೆ ಎಂದು ಭಾವ ನನ್ನ ಹತ್ತಿರ ಗೊಣಗುತ್ತಾರೆ. ಅಳಿಯ ಬೇರೆ, ಜನವಿಲ್ಲದಾಗ ಕೌಂಟರಿಗೆ ಒರಗಿ, "ಚಿಕ್ಕತ್ತೆ, ನಿಮಗೆ ಗೊತ್ತಿದೆ, ಹೇಳಿ" ಎನ್ನುತ್ತಾನೆ. "ನಾನು ಕೊಡೆ ಕಾಯೋಳಪ್ಪ. ಚೀಟಿ ಇದ್ದರೆ ಕೊಡು, ಕೊಡೆ ಕೊಡ್ತೀನಿ" ಎನ್ನುತ್ತೇನೆ.

ಆವತ್ತು ಮಾತ್ರ ನಾಲ್ಕೂ ಜನ ಒಟ್ಟಿಗೆ ಮನೆಗೆ ನಡೆದೆವು. ಭಾವ, ಪುಟ್ಟಿ ಮುಂದೆ. ನಾನು, ಅಳಿಯ ಹಿಂದೆ. ಶಾಲೆಯ ಗೇಟು ದಾಟಿ ಕ್ಷೌರದಂಗಡಿಯ ಮುಂದೆ ಬಂದಾಗ ಅಪ್ಪ ಮಗಳು ಒಟ್ಟಿಗೆ ಅದರ ಕಡೆ ತಿರುಗಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಗೊಳ್ಳೆಂದು ನಕ್ಕರು.

"ಏನು? ಏನಾಯ್ತು?" ಅಳಿಯ ಓಡಿ ಮುಂದೆ ಹೋದ. ಅಂಗಡಿಯನ್ನು ಮೇಲಿಂದ ಕೆಳಗೆ ನೋಡಿದ. ನೀಲಿ ಬಾಗಿಲು, ಒಳಗೆ ಒಂದು ಕನ್ನಡಿ, ಖಾಲಿ ಕುರ್ಚಿ. ನಗುವಂಥದ್ದು ಅಲ್ಲೇನೂ ಇರಲಿಲ್ಲ.